ಟವೆಲಿನ ಕೆಳಗಿನ ಪಾಲಿಸಿ

ನಮ್ಮ ಮನೆಯ ಗೋಡೆಗೆ ಸುಣ್ಣ ಬಳಿಯುವುದು ತಡವಾದರೂ ಕ್ಯಾಲೆಂಡರ್ ಬದಲಾಗುವುದು ಮಾತ್ರ ಯಾವತ್ತೂ ತಡವಾದದ್ದಿಲ್ಲ. ಹೊಸದುರ್ಗದಲ್ಲಿರುವ ನನ್ನ ಸೋದರಮಾವ, ಅಂದರೆ ಅವ್ವನ ಒಬ್ಬನೇ ತಮ್ಮ, ಇನ್ಶೂರೆನ್ಸ್ ಏಜೆಂಟ್. ಅದೂ ಒಂದೇ ಕಂಪನಿಯ ಏಜೆಂಟ್. ಮೂವತ್ತು ವರ್ಷದಿಂದ ಆ ಕಂಪನಿಯ ಹೊರತು ಇನ್ನೊಂದು ಕಂಪನಿಯ ಹೆಸರು ಅವನ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿಲ್ಲ. ಡಿಸೆಂಬರ್ ಕೊನೆಯ ವಾರ ಸುರುಳಿ ಸುತ್ತಿದ ಕ್ಯಾಲೆಂಡರನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿಳಿಯುತ್ತಿದ್ದ. ಹಳೆಯದನ್ನು ಬಿಸಾಡುವಂತಿರಲಿಲ್ಲ, ಅದು ನನ್ನ ಪುಸ್ತಕಗಳಿಗೆ ಬೈಂಡ್ ಆಗುತ್ತಿತ್ತು. ಹೀಗಾಗಿ ನಾನು ಒಂದನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿಯವರೆಗೆ ಆ ಕಂಪನಿಯನ್ನು ಎದೆಗವಚಿಕೊಂಡೇ ಶಾಲೆಗೆ ಹೋದವಳು.

ಮಾವ ಒಳ್ಳೆಯವನು. ಆದರೆ ಯಾವ ಕಷ್ಟ ಹೇಳಿಕೊಂಡರೂ ಅವನ ಕಂಪನಿಯಲ್ಲಿ ಅದಕ್ಕೊಂದು ಪಾಲಿಸಿ ಇದ್ದೇ ಇರುತ್ತಿತ್ತು, ಮತ್ತು ಅದು ಯಾವಾಗಲೂ ಅದೇ ಪಾಲಿಸಿಯಾಗಿರುತ್ತಿತ್ತು. ಸ್ಕೂಟರ್‌ಗೆ ಇನ್ಶೂರೆನ್ಸ್ ಬೇಕು ಅಂದವರಿಗೆ ಇನ್ನೂ ಹುಟ್ಟದ ಮಗುವಿನ ಓದಿನ ಪಾಲಿಸಿ ಮಾಡಿಸಿ ಹೋಗುತ್ತಿದ್ದ. ನನ್ನ ನಿಶ್ಚಿತಾರ್ಥದ ದಿನ ಉಂಗುರ ತೊಡುವುದಕ್ಕಿಂತ ಮುಂಚೆ ನನ್ನ ಗಂಡನಾಗುವವನು ಸಹಿ ಹಾಕಿದ್ದು ಮಾವನ ಅರ್ಜಿಗೆ. ನಾಮಿನಿಯ ಜಾಗದಲ್ಲಿ ನನ್ನ ಹೆಸರು ಬರೆದ ಮಾವ, ಸಂಬಂಧ ಎಂಬ ಖಾನೆ ಬಂದಾಗ ಪೆನ್ನು ಎತ್ತಿ ಒಂದು ಗಳಿಗೆ ಯೋಚಿಸಿದ. ಆಮೇಲೆ ಅರ್ಜಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡ. ಎರಡು ತಿಂಗಳಾದ ಮೇಲೆ ಮದುವೆ ಮಂಟಪದಲ್ಲಿ, ತಾಳಿ ಕಟ್ಟಿ ಅಕ್ಷತೆ ಬಿದ್ದ ಕೂಡಲೇ, ಅದೇ ಅರ್ಜಿ ತೆಗೆದು ಆ ಖಾನೆಯಲ್ಲಿ 'ಹೆಂಡತಿ' ಎಂದು ತುಂಬಿದ. ನಮ್ಮ ಮದುವೆ ಮೊದಲು ದಾಖಲಾದದ್ದು ಆ ಕಂಪನಿಯಲ್ಲಿ.

ನಾನು ಚಿತ್ರದುರ್ಗದ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ. ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಒಂದು ಖಾನೆ ಖಾಲಿ ಬಿಟ್ಟಿದ್ದರೂ, ಎಲ್ಲೋ ಒಂದು ಸುಳ್ಳು ಸೇರಿಸಿದ್ದರೂ ಅರ್ಜಿ ಟೇಬಲ್ಲಿಗೆ ಬರುವಷ್ಟರಲ್ಲೇ ನನಗೆ ವಾಸನೆ ಬಡಿಯುತ್ತದೆ ಎಂದು ಕಚೇರಿಯಲ್ಲಿ ಹೆಸರಿದೆ. ಆ ಹೆಸರು ಹಬ್ಬಿಸಿದವಳು ಬಹುಪಾಲು ನಾನೇ. ಈ ಹೆಮ್ಮೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಅದಕ್ಕೊಂದು ಗತಿ ಕಾಣಿಸಬೇಕಾಗಿದೆ.

ಅಪ್ಪ ಹಿರೇಗುಂಟನೂರಿನ ಕುರಿ ವ್ಯಾಪಾರಿ. ಸಂತೆಯಲ್ಲಿ ಕುರಿಯ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಅವನ ಕಾಲದವರಿಗಿಲ್ಲ. ಕೊಳ್ಳುವವನೂ ಮಾರುವವನೂ ಕೈಗೆ ಕೈ ಕೊಟ್ಟು ಮೇಲೊಂದು ಟವೆಲ್ ಹಾಕಿಕೊಳ್ಳುತ್ತಾರೆ. ಒಳಗೆ ಬೆರಳುಗಳು ಮಾತಾಡುತ್ತವೆ. ಎರಡು ಬೆರಳು ಹಿಡಿದರೆ ಎರಡು, ಐದನ್ನೂ ಸೇರಿಸಿ ಅದುಮಿದರೆ ಐದು, ಬೆರಳಿನ ನಡುವೆ ಉಗುರಿನಿಂದ ಗೀರಿದರೆ ಅರ್ಧ. ನೂರೋ ಸಾವಿರವೋ ಎಂಬುದನ್ನು ಎದುರಿಗೆ ನಿಂತ ಕುರಿ ನೋಡಿ ತಿಳಿದುಕೊಳ್ಳಬೇಕು. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ, ಆ ಮುಖಗಳೋ ಬಸ್ಸಿಗೆ ಕಾಯುವವರ ಹಾಗೆ ಇರುತ್ತವೆ. ಟವೆಲಿನ ಒಳಗೆ ಆದ ಮಾತನ್ನು ಹೊರಗೆ ಹೇಳುವಂತಿಲ್ಲ. ಬೆರಳು ಕೊಟ್ಟ ಮೇಲೆ ಹಿಂದೆ ಸರಿಯುವಂತಿಲ್ಲ, ಸುಳ್ಳಾಡುವಂತೆಯೂ ಇಲ್ಲ.

ಬೆರಳಿಗಿದ್ದ ಈ ಕಟ್ಟುನಿಟ್ಟು ಬಾಯಿಗಿರಲಿಲ್ಲ. ಮಾರುವವನು ತನ್ನ ಕುರಿಯ ಊನವನ್ನು ತಾನಾಗಿ ಹೇಳಬೇಕಿಲ್ಲ ಎಂಬುದು ಸಂತೆಯ ಇನ್ನೊಂದು ರೂಢಿ. ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ಎಣಿಸಲಿ, ಗೊರಸು ಎತ್ತಿ ನೋಡಲಿ, ಓಡಿಸಿ ನೋಡಲಿ. ನೋಡದೆ ಕೊಂಡು ಹೋಗಿ ಮನೆಯಲ್ಲಿ ಕುಂಟು ಕಂಡರೆ ಅದು ಅವನ ಕಣ್ಣಿನ ತಪ್ಪು. ಅಪ್ಪ ನಲವತ್ತು ವರ್ಷ ಈ ರೂಢಿಯಲ್ಲೇ ಬದುಕಿದ. ಇನ್ಶೂರೆನ್ಸ್ ಕಂಪನಿಯೂ ಒಬ್ಬ ಕೊಳ್ಳುವವನೇ ಎಂದು ಅವನು ತಿಳಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ಓದುವವರಿಂದ ಮುಚ್ಚಿಟ್ಟು ನಾನು ಗಳಿಸುವುದೇನೂ ಇಲ್ಲ, ಹೇಳಿಬಿಡುತ್ತೇನೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಅದು ನನಗೆ ಗೊತ್ತಿರಲಿಲ್ಲ. ಚಿತ್ರದುರ್ಗದ ನನ್ನ ಮನೆಗೆ ಬಂದಾಗಲೆಲ್ಲ ಕ್ಷೌರಕ್ಕೆ ಹೋಗಿಬರುತ್ತೇನೆ ಎಂದು ಎದ್ದು ಹೋಗಿ ಡಾಕ್ಟರರನ್ನು ಕಂಡು ಬರುತ್ತಿದ್ದನಂತೆ. ಒಂದೊಂದು ಸಲ ಗಡ್ಡ ಹಾಗೇ ಇಟ್ಟುಕೊಂಡು ವಾಪಸ್ ಬಂದದ್ದುಂಟು, ಅಂಗಡಿಯಲ್ಲಿ ರಶ್ ಇತ್ತು ಎನ್ನುತ್ತಿದ್ದ, ನಾನು ನಂಬುತ್ತಿದ್ದೆ. ಮಾತ್ರೆಗಳನ್ನು ಕುರಿಗಳ ಜಂತಿನ ಔಷಧ ಇಡುವ ತಗಡಿನ ಡಬ್ಬದಲ್ಲಿ, ಕುರಿ ರೊಪ್ಪದ ಮೂಲೆಯಲ್ಲಿ ಇಟ್ಟಿದ್ದ. ಕಾಯಿಲೆಯವನು ಅಂತ ಸಂತೆಯಲ್ಲಿ ಸುದ್ದಿಯಾದರೆ ವ್ಯಾಪಾರಕ್ಕೆ ಯಾರೂ ಕೈ ಕೊಡುವುದಿಲ್ಲ ಎಂಬ ಭಯ ಒಂದು ಕಡೆ, ಮನೆಯಲ್ಲಿ ಚಹಾದ ಸಕ್ಕರೆ ಕಿತ್ತುಕೊಳ್ಳುತ್ತಾರೆ ಎಂಬ ಭಯ ಇನ್ನೊಂದು ಕಡೆ. ಎರಡನೆಯದೇ ದೊಡ್ಡದಿತ್ತು ಎಂದು ನನ್ನ ಅನುಮಾನ. ದೊಡ್ಡ ಸ್ಟೀಲ್ ಲೋಟದ ತುಂಬ ಚಹಾ ಕುಡಿಯುತ್ತಿದ್ದ, ಈಗಿನ ಅಂಗಡಿ ಸಕ್ಕರೆಯಲ್ಲಿ ಸಿಹಿಯೇ ಇಲ್ಲ, ಏನೋ ಬೆರಸ್ತಾರೆ ಎಂದು ಅಂಗಡಿಯವನನ್ನು ದಿನವೂ ಬೈಯುತ್ತಿದ್ದ.

ಹೊಳಲ್ಕೆರೆಯಲ್ಲಿ ಅಪ್ಪನ ಜೊತೆ ವ್ಯಾಪಾರ ಮಾಡುತ್ತಿದ್ದ ಗೆಳೆಯನೊಬ್ಬನಿದ್ದ. ಅವನಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದಾಗ ಮನೆಯವರು ನಿಶ್ಚಿಂತೆಯಾಗಿದ್ದರು, ಪಾಲಿಸಿ ಇತ್ತಲ್ಲ. ಹಳೆಯ ಬಿಪಿ ಇದ್ದದ್ದನ್ನು ಅರ್ಜಿಯಲ್ಲಿ ಬರೆದಿಲ್ಲ ಎಂದು ಕಂಪನಿ ಕೈಯೆತ್ತಿತು. ಮನುಷ್ಯ ಬದುಕಿದ, ಹಿಂಡು ಹೋಯಿತು. ಅವನನ್ನು ನೋಡಿಕೊಂಡು ಬಂದ ದಿನವೇ ನಾನು ತೀರ್ಮಾನ ಮಾಡಿದ್ದು: ಅಪ್ಪನಿಗೆ ಆರೋಗ್ಯದ ಪಾಲಿಸಿ ಮಾಡಿಸಬೇಕು, ಅದರ ಅರ್ಜಿಯಲ್ಲಿ ಒಂದು ಅಕ್ಷರವೂ ಸುಳ್ಳಿರಬಾರದು. ನಾಳೆ ಅಪ್ಪ ಮಂಚ ಹಿಡಿದಾಗ ಯಾವ ಕಂಪನಿಯೂ ನಮ್ಮ ಮುಖದ ಮೇಲೆ ಕಾಗದ ಎಸೆಯಬಾರದು. ಅರ್ಜಿ ನನ್ನ ಕೈಯಲ್ಲಿರುವಾಗ ಸುಳ್ಳು ಎಲ್ಲಿಂದ ಬರಬೇಕು ಎಂಬುದು ನನ್ನ ಧೈರ್ಯ.

ಇನ್ನು ಯಾರ ಹತ್ತಿರ ಮಾಡಿಸುವುದು ಎಂಬುದಷ್ಟೇ ಉಳಿದಿತ್ತು, ಅದೇ ಮನೆಯನ್ನು ಎರಡು ಮಾಡಿತು. ನಮ್ಮ ಕಾಲೇಜಿನ ಮೇಷ್ಟ್ರೊಬ್ಬರು ಹಿರಿಯೂರಿನ ಒಬ್ಬ ಏಜೆಂಟನ ಬಗ್ಗೆ ಹೇಳಿದ್ದರು. ಅವನು ಯಾವ ಕಂಪನಿಗೂ ಸೇರಿದವನಲ್ಲ, ಹತ್ತಾರು ಕಂಪನಿಗಳ ಪಾಲಿಸಿಯನ್ನು ಲ್ಯಾಪ್‌ಟಾಪಿನಲ್ಲಿ ಪಕ್ಕಪಕ್ಕ ಇಟ್ಟು ಯಾವುದರಲ್ಲಿ ಏನು ಹುಳುಕಿದೆ ಎಂದು ತೋರಿಸುತ್ತಾನೆ. ನನಗೆ ಅವನೇ ಬೇಕಿತ್ತು. ಅವ್ವನಿಗೆ ತಮ್ಮನೇ ಬೇಕಿತ್ತು. ಮಾವನ ಕಂಪನಿ ಈಚೆಗೆ ಆರೋಗ್ಯದ ಪಾಲಿಸಿಯನ್ನೂ ಮಾರಲು ಶುರುಮಾಡಿತ್ತು. ಆ ವರ್ಷ ಗುರಿ ಮುಟ್ಟಿದ ಏಜೆಂಟರನ್ನು ದಂಪತಿ ಸಮೇತ ಗೋವಾಕ್ಕೆ ಕರೆದುಕೊಂಡು ಹೋಗುತ್ತಾರೆ ಅಂತಲೂ, ಮಾವನಿಗೆ ಇನ್ನು ಒಂದೇ ಒಂದು ಪಾಲಿಸಿ ಬಾಕಿ ಅಂತಲೂ ಅವ್ವ ಹೇಳಿದಳು. ಅತ್ತೆ ಆಗಲೇ ಹೊಸದುರ್ಗದ ಬೀದಿಗೆಲ್ಲ ಗೋವಾ ಸುದ್ದಿ ಹಂಚಿ, ತಲೆಗೊಂದು ಹುಲ್ಲಿನ ಟೋಪಿಯನ್ನೂ ತರಿಸಿಟ್ಟುಕೊಂಡಿದ್ದಳು.

ಅಪ್ಪ ನಮ್ಮಿಬ್ಬರ ವಾದವನ್ನೂ ಕೇಳಿ ಬೀಡಿ ಆರಿಸಿ ತನ್ನ ಲೆಕ್ಕಾಚಾರ ಹೇಳಿದ. ಸ್ವಂತ ಹಿಂಡಿನವನು ತನ್ನ ಕುರಿಯನ್ನು ತಾನು ಹಳಿಯುವುದಿಲ್ಲ, ಮಾವ ಅಂಥವನು. ದಲ್ಲಾಳಿಗೆ ಯಾವ ಕುರಿಯ ಮೇಲೂ ಮೋಹವಿಲ್ಲ, ಇದು ಕುಂಟು ಇದು ಗಟ್ಟಿ ಎಂದು ನೇರ ಹೇಳುತ್ತಾನೆ, ಹಿರಿಯೂರಿನವನು ಅಂಥವನು. ಆದರೆ ದಲ್ಲಾಳಿ ಮುಂದಿನ ಸಂತೆಗೆ ಸಿಗುತ್ತಾನೋ ಇಲ್ಲವೋ, ಹಿಂಡಿನವನ ಹಟ್ಟಿ ನಮಗೆ ಗೊತ್ತಿರುತ್ತದೆ. ಇಷ್ಟು ಚೆನ್ನಾಗಿ ಈ ವಿಷಯವನ್ನು ಬಿಡಿಸಿ ಹೇಳಿದ್ದನ್ನು ನಾನು ಬೇರೆ ಯಾರಿಂದಲೂ ಕೇಳಿಲ್ಲ. ಇಷ್ಟು ಚೆನ್ನಾಗಿ ಹೇಳಿದವನು ಮಾಡಿದ ತೀರ್ಮಾನ ಮಾತ್ರ ಕುರಿ ವ್ಯಾಪಾರಿಯದೇ. ಇಬ್ಬರನ್ನೂ ಒಂದೇ ದಿನ ಒಂದೇ ಹೊತ್ತಿಗೆ ಕರೆಸಿರಿ, ಇಬ್ಬರು ಎದುರುಬದುರು ನಿಂತರೆ ಬೆಲೆ ತಾನಾಗಿ ಹದಕ್ಕೆ ಬರುತ್ತದೆ ಎಂದ.

ಗೊತ್ತುಮಾಡಿದ ಭಾನುವಾರ ಹಿರೇಗುಂಟನೂರಿನ ಮನೆಯಲ್ಲಿ ಅವ್ವ ಹೋಳಿಗೆ ಮಾಡಿದ್ದಳು. ಅದು ತಮ್ಮನಿಗಾಗಿ. ಮೊದಲು ಬಂದವನು ಹಿರಿಯೂರಿನವನು. ಮೂವತ್ತೈದರ ಆಸುಪಾಸು, ಇಸ್ತ್ರಿ ಅಂಗಿ, ಮಾರಿಕಣಿವೆಯ ನೀರಾವರಿ ಕಾಲೊನಿಯಲ್ಲಿ ಹುಟ್ಟಿ ಬೆಳೆದವನು. ಅಣೆಕಟ್ಟಿನ ನೀರಿನ ಮಟ್ಟ ಕೇಳಿದರೆ ನಿದ್ದೆಯಲ್ಲೂ ಹೇಳುತ್ತಾನೆ, ಕುರಿಯನ್ನು ಮಾತ್ರ ಊಟದ ತಟ್ಟೆಯ ಹೊರಗೆ ಹೆಚ್ಚು ಕಂಡವನಲ್ಲ. ಸ್ವಲ್ಪ ಹೊತ್ತಿಗೆ ಮಾವ ಬಂದ. ಅವನಿಗೆ ಇನ್ನೊಬ್ಬ ಏಜೆಂಟನನ್ನು ಕರೆಸಿದ್ದು ಗೊತ್ತಿರಲಿಲ್ಲ. ಜಗುಲಿಯ ಮೇಲೆ ಲ್ಯಾಪ್‌ಟಾಪ್ ಕಂಡ ಕೂಡಲೇ ಅವನ ಮುಖ ಸಣ್ಣದಾಯಿತು. ಆದರೂ ಇಬ್ಬರೂ ಒಬ್ಬರಿಗೊಬ್ಬರು 'ಕುಂತ್ಕಳ್ರಿ, ನೀವು ಕುಂತ್ಕಳ್ರಿ' ಎಂದು ಎಷ್ಟು ಉಪಚಾರ ಮಾಡಿದರೆಂದರೆ ಕೊನೆಗೆ ಇಬ್ಬರೂ ನಿಂತೇ ಇದ್ದರು.

ಹಿರಿಯೂರಿನವನು ಹತ್ತು ಕಂಪನಿಗಳನ್ನು ಸಾಲಾಗಿ ತೋರಿಸಿದ. ಅಪ್ಪ ಲ್ಯಾಪ್‌ಟಾಪಿನ ಸುತ್ತ ಒಂದು ಸುತ್ತು ಹಾಕಿ, ಹಿಂಭಾಗವನ್ನೂ ನೋಡಿ, ಇದ್ರಾಗೆ ನಿಮ್ದು ಯಾವ್ದು ಎಂದು ಕೇಳಿದ. ಯಾವುದೂ ತನ್ನದಲ್ಲ, ಎಲ್ಲವನ್ನೂ ಮಾರುತ್ತೇನೆ ಎಂದು ಅವನು ಹೇಳಿದಾಗ ಅಪ್ಪ ನನ್ನ ಕಡೆ ನೋಡಿ ತಲೆಯಾಡಿಸಿದ. ನಾನು ಒಂದು ಪಾಲಿಸಿ ಆರಿಸಿ, ಅರ್ಜಿಯನ್ನು ಅವನ ಕೈಯಿಂದ ಕಿತ್ತುಕೊಂಡು ನಾನೇ ತುಂಬಲು ಕೂತೆ. ಸಕ್ಕರೆ ಕಾಯಿಲೆ ಇದೆಯೇ ಎಂಬ ಪ್ರಶ್ನೆ ಬಂತು. ಓದಿ ಹೇಳಿದೆ. ಅಪ್ಪ ಬೀದಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ಇಲ್ಲ ಎಂದ. ಬರೀ ಇಲ್ಲ ಅನ್ನುವುದಕ್ಕೆ ಅಷ್ಟು ದನಿ ಯಾಕೆ ಬೇಕಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ. ಸುಳ್ಳಿನ ವಾಸನೆ ಹಿಡಿಯುವ ನಾನು ನನ್ನ ಕೈಯಾರೆ 'ಇಲ್ಲ' ಎಂದು ದುಂಡಗೆ ಬರೆದೆ. ರಕ್ತ ಪರೀಕ್ಷೆ ಇದೆಯೇ ಎಂದು ಅಪ್ಪ ಮೆಲ್ಲಗೆ ವಿಚಾರಿಸಿದ. ಈ ವಯಸ್ಸಿಗೆ ಬೇಕಿಲ್ಲ, ಕಂಪನಿಯ ಡಾಕ್ಟರು ಫೋನಿನಲ್ಲಿ ಕೇಳುತ್ತಾರೆ ಎಂದ ಏಜೆಂಟ್. ಹಲ್ಲು ನೋಡದೆ ಕೊಳ್ಳುವ ಗಿರಾಕಿ ಸಿಕ್ಕಿದ್ದಕ್ಕೆ ಅಪ್ಪನ ಮುಖ ಅರಳಿತು.

ಸಹಿಗೆ ಮುಂಚೆ ಬೆಲೆ ಮಾತಾಡಬೇಕಲ್ಲ. ಅಪ್ಪ ಹೆಗಲ ಟವೆಲ್ ಕೊಡವಿ ಹಿರಿಯೂರಿನವನ ಕೈ ಮೇಲೆ ಹಾಕಿ, ಒಳಗೆ ಕೈ ತೂರಿಸಿ ಅವನ ಬೆರಳು ಹಿಡಿದ. ಆ ಮನುಷ್ಯ ಬೆಚ್ಚಿ ನನ್ನ ಮುಖ ನೋಡಿದ. ನಾನು ಬೇಕೆಂದೇ ಕ್ಯಾಲೆಂಡರ್ ನೋಡುತ್ತ ಕೂತೆ. ಹಳ್ಳಿಯ ಹಿರಿಯರು ಪ್ರೀತಿಯಿಂದ ಕೈ ಹಿಡಿದಿದ್ದಾರೆ ಎಂದುಕೊಂಡ ಅವನು ತಾನೂ ಪ್ರೀತಿಯಿಂದ ಐದೂ ಬೆರಳು ಸೇರಿಸಿ ಅದುಮಿದ. ಅಪ್ಪ ದಂಗಾಗಿ ಕೈ ಹಿಂದಕ್ಕೆ ತೆಗೆದುಕೊಂಡ. ಒಳಗೆ ಅಪ್ಪ ಕೇಳಿದ್ದು ಮೂರಕ್ಕೆ, ಇವನು ತಾನಾಗಿ ಏರಿಸಿದ್ದು ಐದಕ್ಕೆ. ಇನ್ನೊಂದು ಸಲ ಟವೆಲ್ ಹಾಕಿದ, ಇನ್ನೊಂದು ಸಲ ಐದೇ ಬಂತು. ಪ್ರೀಮಿಯಂ ಅನ್ನು ಕಂಪನಿಯೇ ನಿಗದಿ ಮಾಡಿರುತ್ತದೆ ಯಜಮಾನರೆ, ಚೌಕಾಸಿ ಇಲ್ಲ ಎಂದು ಅವನು ಬಿಡಿಸಿ ಹೇಳಿದರೂ ಅಪ್ಪ ನಂಬಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, ಇವನು ಭಾರಿ ಕಳ್ಳ ಇರಬೇಕು, ಇಲ್ಲಾ ಶುದ್ಧ ದಡ್ಡ, ಎರಡರಲ್ಲಿ ಯಾವುದೆಂದು ತಿಳಿಯದೆ ಸಹಿ ಹಾಕುವುದಿಲ್ಲ ಎಂದ.

ಆಮೇಲೆ ಮಾವನ ಸರದಿ. ಮಾವನ ಅಪ್ಪನೂ ಕುರಿ ವ್ಯಾಪಾರಿಯೇ ಆಗಿದ್ದವನು, ಅವನಿಗೆ ಈ ವಿದ್ಯೆ ಚಿಕ್ಕಂದಿನಿಂದ ಬರುತ್ತದೆ. ತನ್ನ ಕಂಪನಿಯಲ್ಲೂ ಚೌಕಾಸಿ ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತು, ಆದರೂ ಭಾವನ ಮನಸ್ಸಿಗೆ ಸಮಾಧಾನವಾಗಲಿ ಎಂದು ಕೈ ಕೊಟ್ಟ. ಟವೆಲ್ ಅಲ್ಲಾಡಿತು. ಇಬ್ಬರ ಮುಖವೂ ಬಸ್ಸಿಗೆ ಕಾಯುವವರ ಮುಖವಾಯಿತು. ಗೋವಾದ ಬಸ್ಸೇ ಇರಬೇಕು ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಇದ್ದಕ್ಕಿದ್ದಂತೆ ಅಪ್ಪನ ಭುಜ ಒಂದು ಚೂರು ಹಿಂದಕ್ಕೆ ಹೋಯಿತು. ಮಾವ ತಲೆ ಎತ್ತಿ ಅಪ್ಪನ ಮುಖ ನೋಡಿದ. ಅಪ್ಪ ಅಂಗಳದ ಟಗರನ್ನು ನೋಡತೊಡಗಿದ. ಟವೆಲ್ ಅಲ್ಲಾಡುವುದು ನಿಂತಿತು.

ಮಾವ ಕೈ ಬಿಡಿಸಿಕೊಂಡು, ಬರೆಯದ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡ.

"ಭಾವ, ನನ್ ಕೈಲಿ ಆಗಲ್ಲ," ಎಂದ. "ಇವ್ರ ಹತ್ರಾನೇ ಮಾಡಿಸ್ರಿ."

ಮೂವತ್ತು ವರ್ಷದಲ್ಲಿ ಮಾವ ಒಂದು ಪಾಲಿಸಿಯನ್ನು ಬೇಡ ಅಂದದ್ದು ಅದೇ ಮೊದಲು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಮನೆಯವನು ನೀನೇ ಹಿಂಗಂದರೆ ಹೆಂಗೆ, ಹೆಂಗೋ ಒಂದು ಬರೆದು ಮುಗಿಸಬಾರದೇ ಎಂದು ಕೇಳಿದಳು. ಅವನು ಬಸ್ಸಿಗೆ ಹೊತ್ತಾಯಿತು ಎಂದು ಹೋಳಿಗೆ ಮುಟ್ಟದೆ ಹೊರಟೇಬಿಟ್ಟ. ಅಕ್ಕನ ಮನೆಯಲ್ಲಿ ಊಟ ಬಿಟ್ಟು ಹೋಗುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಅವನ ಪಾಲಿನ ಹೋಳಿಗೆಯನ್ನೂ ಹಿರಿಯೂರಿನವನೇ ತಿಂದ. ಅವನೂ ಅಪ್ಪನ ಸಹಿ ಸಿಗದೆ ಬರಿಗೈಯಲ್ಲಿ ಹೋದ, ಹೊಟ್ಟೆಯೊಂದು ತುಂಬಿತ್ತು. ಅವತ್ತಿನಿಂದ ಅವ್ವ ತಮ್ಮನ ಫೋನ್ ಎತ್ತುವುದನ್ನು ಬಿಟ್ಟಳು. ನನಗೋ ಒಳಗೊಳಗೇ ಖುಷಿ. ಹತ್ತು ಕಂಪನಿಯ ಲ್ಯಾಪ್‌ಟಾಪ್ ಕಂಡು ಒಂದು ಕಂಪನಿಯ ಬ್ಯಾಗು ಹೆದರಿ ಓಡಿತು ಎಂದು ಕಚೇರಿಯಲ್ಲಿ ಕತೆ ಮಾಡಿ ಹೇಳಿದೆ.

ಮೂರು ವಾರ ಕಳೆದ ಮೇಲೆ ಹಿರಿಯೂರಿನವನು ತಾನಾಗಿ ಫೋನ್ ಮಾಡಿ, ಇನ್ನೊಂದು ಸಲ ಬರ್ತೀನಿ ಮೇಡಂ, ಭಾನುವಾರ ಯಜಮಾನರು ಇರ್ತಾರಾ ಎಂದು ಕೇಳಿದ. ಬಂದಾಗ ಅವನ ಹೆಗಲ ಮೇಲೆ ಹೊಸ ಟವೆಲ್ ಇತ್ತು, ಅಂಗಡಿಯ ಚೀಟಿಯನ್ನೂ ಕಿತ್ತಿರಲಿಲ್ಲ. ನಗು ತಡೆಯಲಾರದೆ ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ. ವಾಪಸ್ ಬಂದಾಗ ಇಬ್ಬರೂ ಮಂಚದ ಮೇಲೆ ಕೂತಿದ್ದರು, ಟವೆಲ್ ಹಾಸಿತ್ತು. ಈ ಸಲ ಅವನ ಮುಖವೂ ಬಸ್ಸಿಗೆ ಕಾಯುವವನ ಮುಖವಾಗಿತ್ತು. ಅಪ್ಪ ಮೊದಲು ಹುಬ್ಬು ಗಂಟಿಕ್ಕಿದ. ಆಮೇಲೆ ತಲೆ ತಗ್ಗಿಸಿದ. ಆಮೇಲೆ ಬಹಳ ನಿಧಾನವಾಗಿ ಟವೆಲ್ ಒಂದು ಸಲ ಅಲ್ಲಾಡಿತು.

"ಮುಗೀತು," ಎಂದ ಅಪ್ಪ. "ಬರ್ಕಳ್ರಿ."

ಹಿರಿಯೂರಿನವನು ಹೊಸ ಅರ್ಜಿ ತೆಗೆದು ತಾನೇ ಬರೆದ. ನೋಡಬೇಕು ಕೊಡಿ ಎಂದೆ. ಟವೆಲ್ ಒಳಗಿನದು, ನೀನು ನೋಡಂಗಿಲ್ಲ ಎಂದು ಅಪ್ಪ ಅರ್ಜಿಯ ಮೇಲೆ ಅಂಗೈ ಇಟ್ಟುಕೊಂಡೇ ಸಹಿ ಹಾಕಿದ. ನನಗೆ ಮೈಯೆಲ್ಲ ಉರಿಯಿತು. ದಿನಕ್ಕೆ ನೂರು ಅರ್ಜಿ ನೋಡುವವಳು ನಾನು, ನನ್ನಪ್ಪನ ಅರ್ಜಿ ನಾನು ನೋಡುವಂತಿಲ್ಲ. ಅವತ್ತು ಊಟ ಮಾಡದೆ ಚಿತ್ರದುರ್ಗದ ಬಸ್ ಹತ್ತಿದೆ. ಮಾವನ ಮೇಲೆ ಅವ್ವನಿಗಿದ್ದ ಸಿಟ್ಟು ಎಂಥದ್ದೆಂದು ಬಸ್ಸಿನಲ್ಲಿ ಸ್ವಲ್ಪ ಅರ್ಥವಾಯಿತು.

ಪಾಲಿಸಿ ಬಂದದ್ದು ನನ್ನ ಇಮೇಲಿಗೆ, ಅಪ್ಪನಿಗೆ ಇಮೇಲ್ ಎಲ್ಲಿದೆ. ಕಚೇರಿಯಲ್ಲಿ ಊಟದ ಹೊತ್ತಿಗೆ ತೆರೆದು ಓದಿದೆ. ಕೊನೆಯಲ್ಲಿ ಅರ್ಜಿಯ ಪ್ರತಿ ಇತ್ತು. ಸಕ್ಕರೆ ಕಾಯಿಲೆ ಇದೆಯೇ: ಹೌದು. ಎಷ್ಟು ವರ್ಷದಿಂದ: ನಾಲ್ಕು. ಕೆಳಗೆ ಅಪ್ಪನ ವಕ್ರ ಸಹಿ. ಆ ಕಾಯಿಲೆಯ ಖರ್ಚಿಗೆ ಎರಡು ವರ್ಷ ಕಾಯಬೇಕು, ಪ್ರೀಮಿಯಂ ಸ್ವಲ್ಪ ಜಾಸ್ತಿ, ಮಿಕ್ಕ ಎಲ್ಲಕ್ಕೂ ಪಾಲಿಸಿ ಗಟ್ಟಿ ಎಂದು ಮೇಲೆ ಬರೆದಿತ್ತು. ಮೊದಲು ಸಿಟ್ಟು ಬಂತು. ನಾಲ್ಕು ವರ್ಷ ನನ್ನಿಂದ ಮುಚ್ಚಿಟ್ಟದ್ದನ್ನು ಮಾರಿಕಣಿವೆಯ ಯಾರೋ ಒಬ್ಬನಿಗೆ ಐದು ನಿಮಿಷದಲ್ಲಿ ಹೇಳಿದನಲ್ಲ ಎಂದು. ಆಮೇಲೆ, ಅಪ್ಪ 'ಇಲ್ಲ' ಅಂದ ಕೂಡಲೇ ದುಂಡಗೆ ಬರೆದುಕೊಂಡ ನನ್ನ ಕೈ ನೆನಪಾಗಿ ನಾಚಿಕೆಯಾಯಿತು. ನಾನು ಅರ್ಜಿ ನೋಡಿದ್ದೆ, ಅಪ್ಪನನ್ನು ನೋಡಿರಲಿಲ್ಲ. ಡಬ್ಬಿ ಮುಚ್ಚಿ ಎದ್ದೆ.

ಹಿರಿಯೂರಿನವನಿಗೆ ಫೋನ್ ಮಾಡಿ, ಇದನ್ನು ಅಪ್ಪನ ಬಾಯಿಂದ ಹೇಗೆ ಹೊರಡಿಸಿದಿರಿ ಎಂದು ಕೇಳಿದೆ. ಅವನು ಸ್ವಲ್ಪ ತಡವರಿಸಿ ಹೇಳಿದ. ಹೋಳಿಗೆ ತಿಂದು ಹೋದ ವಾರವೇ ಮಾವ ಅವನ ನಂಬರ್ ಹುಡುಕಿ ಹೊಸದುರ್ಗಕ್ಕೆ ಕರೆಸಿಕೊಂಡಿದ್ದನಂತೆ. ಎದುರಿಗೆ ಕೂರಿಸಿಕೊಂಡು, ಟವೆಲ್ ಹಾಕಿ, ಬೆರಳಿನ ಲೆಕ್ಕವನ್ನೆಲ್ಲ ಮಗ್ಗಿ ಕಲಿಸಿದ ಹಾಗೆ ಕಲಿಸಿದನಂತೆ. ಯಾಕೆ ಎಂದು ಮಾತ್ರ ಹೇಳಲಿಲ್ಲವಂತೆ. ಅವರ ಉಂಗುರದ ಬೆರಳಿನ ತುದಿ ಹಿಡೀರಿ, ಅವರು ಕೈ ಎಳ್ಕಂಡ್ರೆ ಬಿಡಬೇಡ್ರಿ, ಎಷ್ಟು ವರ್ಷ ಅಂತ ಅಲ್ಲೇ ಕೇಳ್ರಿ, ಟವೆಲ್ ಒಳಗೆ ಅವರು ಸುಳ್ಳು ಹೇಳಲ್ಲ ಎಂದಷ್ಟೇ ಹೇಳಿ ಕಳಿಸಿದನಂತೆ.

ಮಾವನಿಗೂ ಸಕ್ಕರೆ ಇದೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಬೆಳಗ್ಗೆ ಎದ್ದು ಬೆರಳಿಗೆ ಸೂಜಿ ಚುಚ್ಚಿ ಸಣ್ಣ ಮಿಷಿನ್ನಿನಲ್ಲಿ ರಕ್ತ ನೋಡಿಕೊಳ್ಳುವವನು. ಚುಚ್ಚಿದ ಬೆರಳಿನ ತುದಿ ಒತ್ತಿದರೆ ಹೇಗೆ ಚುರ್ರೆನ್ನುತ್ತದೆ ಎಂದು ಅವನಿಗೆ ಹೇಳಿಕೊಡಬೇಕಿರಲಿಲ್ಲ. ಅಂಥ ಮಿಷಿನ್ನೊಂದು ಅಪ್ಪನ ಜಂತಿನ ಔಷಧದ ಡಬ್ಬದಲ್ಲೂ ಇತ್ತು. ಸೂಜಿಯಿಂದ ಗಡುಸಾದ ಅಪ್ಪನ ಬೆರಳ ತುದಿ ಕೈಗೆ ಸಿಕ್ಕಾಗ ಹಿರಿಯೂರಿನವನಿಗೂ ಯಾವ ಕಾಯಿಲೆಯೆಂದು ಹೊಳೆದಿತ್ತು. ಆ ಭಾನುವಾರ ಅಪ್ಪನ ಭುಜ ಹಿಂದಕ್ಕೆ ಹೋದದ್ದು ಬೆಲೆ ಕೇಳಿ ಅಲ್ಲ.

ಸಂಜೆ ಮಾವನಿಗೆ ಫೋನ್ ಮಾಡಿದೆ. ಏನು ಕೇಳಬೇಕೆಂದು ತೋಚದೆ, ಅವತ್ತೇ ನನಗೊಂದು ಮಾತು ಹೇಳಬಹುದಿತ್ತಲ್ಲ ಮಾವ ಎಂದೆ. ಟವೆಲ್ ಒಳಗೆ ತಿಳಿದದ್ದನ್ನು ಹೊರಗೆ ಹೆಂಗೆ ಹೇಳಲಿ ಎಂದ. ಹಾಗಾದರೆ ನೀನೇ ಬರೆದುಕೊಳ್ಳಬಹುದಿತ್ತಲ್ಲ ಎಂದೆ.

"ಸಕ್ಕರೆ ಐತೆ ಅಂತ ಬರೆದಿದ್ರೆ ನಮ್ ಕಂಪನಿ ನಿಮ್ಮಪ್ಪನ್ನ ತಗಳ್ತಿರ್ಲಿಲ್ಲಮ್ಮ. ಇಲ್ಲ ಅಂತ ಬರೆದಿದ್ರೆ ತಗಳ್ತಿತ್ತು. ನಂಗೆ ಗೋವಾ ಆಗ್ತಿತ್ತು. ನಿಮ್ಮಪ್ಪಂಗೆ ಏನಾಗ್ತಿತ್ತು ಹೇಳು."

ಹೊಳಲ್ಕೆರೆಯ ಅಪ್ಪನ ಗೆಳೆಯ ನೆನಪಾದ. ಗೋವಾದ ಟೋಪಿ ಏನಾಯಿತು ಎಂದು ಕೇಳಿದೆ. ಅತ್ತೆ ಅದನ್ನು ಹಾಕಿಕೊಂಡು ಮಾಳಿಗೆ ಮೇಲೆ ಹಪ್ಪಳ ಒಣಗಿಸುತ್ತಿದ್ದಾಳೆ, ತನ್ನ ಜೊತೆ ಮಾತು ಬಿಟ್ಟು ಒಂದು ತಿಂಗಳಾಯಿತು ಎಂದ. ಅಕ್ಕನೂ ಮಾತಾಡುವುದಿಲ್ಲ, ಹೆಂಡತಿಯೂ ಮಾತಾಡುವುದಿಲ್ಲ, ಮನೆಯಲ್ಲಿ ಇಷ್ಟು ನೆಮ್ಮದಿ ಯಾವತ್ತೂ ಇರಲಿಲ್ಲ ಎಂದು ಅವನೇ ನಕ್ಕ. ಕಾಲೇಜಿನಲ್ಲಿ ಈಗಲೂ ಕೆಲವರು ಒಂದು ಕಂಪನಿಯವನು ಒಳ್ಳೆಯವನೋ ಹತ್ತು ಕಂಪನಿಯವನು ಒಳ್ಳೆಯವನೋ ಎಂದು ನನ್ನನ್ನು ಕೇಳುತ್ತಾರೆ. ಯಾರಾದರೂ ಆಗಲಿ, ಅವನು ಯಾವತ್ತಾದರೂ ಪಾಲಿಸಿ ಬೇಡ ಅಂದದ್ದುಂಟೇ ಎಂದು ವಿಚಾರಿಸಿ ಎನ್ನುತ್ತೇನೆ. ಲ್ಯಾಪ್‌ಟಾಪಿನ ಕತೆಯನ್ನು ಹೇಳುವುದು ಬಿಟ್ಟಿದ್ದೇನೆ.

ಮಾವನಿಗೆ ಫೋನ್ ಮಾಡಿದ ವಾರದ ಭಾನುವಾರ ಹಿರೇಗುಂಟನೂರಿಗೆ ಹೋದಾಗ ಅಪ್ಪ ಮಂಚದ ಮೇಲೆ ಕೂತು ಚಹಾಕ್ಕೆ ಕಾಯುತ್ತಿದ್ದ. ಜಗಳ ಮಾಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮುಖ ನೋಡಿದ ಮೇಲೆ ಒಂದೂ ಹೊರಡಲಿಲ್ಲ. ಅವನ ಹೆಗಲಿನಿಂದ ಟವೆಲ್ ಎಳೆದು ಕೈ ಮೇಲೆ ಹಾಕಿದೆ. ಹೆಣ್ಣುಮಕ್ಕಳು ಟವೆಲ್ ಹಾಕುವುದು ಯಾವ ಸಂತೆಯಲ್ಲೂ ಇಲ್ಲ. ಅಪ್ಪ ನನ್ನನ್ನು ಒಂದು ಸಲ ನೋಡಿ, ಆ ಕಡೆ ಈ ಕಡೆ ನೋಡಿ, ಒಳಗೆ ಕೈ ಕೊಟ್ಟ.

ಉಂಗುರದ ಬೆರಳಿನ ತುದಿ ಮುಟ್ಟಿದೆ. ಅಲ್ಲಿ ಚರ್ಮ ಗಡುಸಾಗಿತ್ತು, ಅವನು ಸ್ವಲ್ಪ ಎಳೆದುಕೊಂಡ. ಬುದ್ಧಿ ಬಂದ ಮೇಲೆ ಅಪ್ಪನ ಕೈಯನ್ನು ಹೀಗೆ ಹಿಡಿದದ್ದು ನನಗೆ ನೆನಪಿಲ್ಲ. ಅಳು ಬಂತು, ಆದರೆ ವ್ಯಾಪಾರದಲ್ಲಿ ಮುಖ ತೋರಿಸಬಾರದಲ್ಲ, ನುಂಗಿಕೊಂಡು ಅಡುಗೆಮನೆಯ ಕಡೆ ಕಣ್ಣು ಹೊರಳಿಸಿ ಚಹಾದ ಮಾತು ಎಂದು ತಿಳಿಸಿದೆ. ಅವನಿಗೆ ತಕ್ಷಣ ಅರ್ಥವಾಯಿತು. ಎರಡು ಬೆರಳು ಕೊಟ್ಟ, ಎರಡು ಚಮಚ ಸಕ್ಕರೆ. ನಾನು ಅವನ ಬೆರಳುಗಳನ್ನೆಲ್ಲ ಮಡಚಿ ಮುಷ್ಟಿ ಮಾಡಿದೆ, ಏನೂ ಇಲ್ಲ. ಒಂದು ಬೆರಳು ಕೊಟ್ಟ. ಅದನ್ನೂ ಮಡಚಿದೆ. ಅಪ್ಪ ದೂರದ ಟಗರನ್ನು ನೋಡತೊಡಗಿದ. ಆಮೇಲೆ ನನ್ನ ತೋರುಬೆರಳಿನ ನಡುವೆ ಉಗುರಿನಿಂದ ಮೆಲ್ಲಗೆ ಗೀರಿದ. ಅರ್ಧ. ನಾನು ಅವನ ಕೈ ಅದುಮಿ ಒಪ್ಪಿಕೊಂಡೆ.

ಅವ್ವ ಸ್ಟೀಲ್ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟಕ್ಕೆ ಮುಗಿಯಿತು ಎಂದು ಕೇಳಿದಳು. ಟವೆಲ್ ಒಳಗಿನದು, ಹೇಳುವಂತಿಲ್ಲ ಎಂದೆ.

"ಅರ್ಧ ಚಮಚ ತಾನೆ?" ಎಂದಳು ಅವ್ವ. "ನಾಲ್ಕು ವರ್ಷದಿಂದ ನಾನು ಹಾಕ್ತಿರದು ಅಷ್ಟೇಯ. ಮರಿಗಳಿಗೆ ಜಂತಿನ ಔಷಧ ಕುಡ್ಸೋರು ಯಾರು ಅನ್ಕಂಡಿದೀರಿ ಈ ಮನೇಲಿ?"

ಲೋಟವನ್ನು ಮಂಚದ ಮೇಲಿಟ್ಟು, ತಮ್ಮ ಅವತ್ತು ಯಾಕೆ ಉಣ್ಣದೆ ಹೋದ ಅಂತ ಈಗ ತಿಳೀತು, ಅವನಿಗೆ ಫೋನ್ ಹಚ್ಚಿಕೊಡು ಎಂದು ನನಗೆ ಹೇಳಿ ಒಳಗೆ ಹೋದಳು. ಅಪ್ಪ ಲೋಟವನ್ನು ನೋಡಿದ, ನನ್ನನ್ನು ನೋಡಿದ. ಹಂಗಾರೆ ಆ ಅಂಗಡಿಯವನನ್ನು ಸುಮ್ಮನೆ ಬೈದೆ ಎಂದ. ನಾನು ನಕ್ಕೆ, ಅವನೂ ನಕ್ಕ. ಚಹಾ ಆರುತ್ತಿತ್ತು. ಕೈ ಬಿಡಬೇಕೆಂಬುದು ಇಬ್ಬರಿಗೂ ಬಹಳ ಹೊತ್ತು ನೆನಪಾಗಲಿಲ್ಲ.